ಆಗಸ್ಟ್ ತಲುಪದ ಯುದ್ಧ

1992ರ ಬುಕರ್ ಪ್ರಶಸ್ತಿ ಹಂಚಿಕೊಂಡ ಮೈಕೆಲ್ ಒಂಡಾಟ್ಜೆಯ ‘ದಿ ಇಂಗ್ಲಿಷ್ ಪೇಷೆಂಟ್’ ಸಿನಿಮಾಕ್ಕೆ ಸುಲಭವಾಗಿ ಒಗ್ಗುವ ಕಾದಂಬರಿಯಲ್ಲ. ಇಟಲಿಯ ಪಾಳು ವಿಲ್ಲಾದಲ್ಲಿ ನಾಲ್ವರಿದ್ದಾರೆ: ಮೈಯೆಲ್ಲ ಸುಟ್ಟ ರೋಗಿ, ನರ್ಸ್ ಹಾನಾ, ಹೆಬ್ಬೆರಳುಗಳನ್ನು ಕಳೆದುಕೊಂಡ ಕಾರವಾಜೊ, ಬಾಂಬ್ ನಿಷ್ಕ್ರಿಯಗೊಳಿಸುವ ಸಿಖ್ ಸೈನಿಕ ಕಿಪ್. ಕಥೆ ಇವರೆಲ್ಲರ ನೆನಪುಗಳ ನಡುವೆ ಹಿಂದೆಮುಂದೆ ಓಡಾಡುತ್ತದೆ. ನಿರ್ದೇಶಕ ಆಂಟನಿ ಮಿಂಗೆಲ್ಲಾ ಇದರಿಂದ ಒಂದು ಎಳೆಯನ್ನು ಹಿರಿದು ತೆಗೆದರು: ರೋಗಿ ಅಲ್ಮಾಶಿಗೂ ವಿವಾಹಿತೆ ಕ್ಯಾಥರೀನ್‌ಗೂ ಮರುಭೂಮಿಯಲ್ಲಿ ಹುಟ್ಟಿದ ಪ್ರೇಮ. ಫಾಕ್ಸ್ ಸಂಸ್ಥೆ ಹಿಂದೆ ಸರಿದಾಗ ಮಿರಾಮ್ಯಾಕ್ಸ್ ಹಣ ಹೂಡಿತು. 1996ರಲ್ಲಿ ತೆರೆಕಂಡ ಚಿತ್ರದಲ್ಲಿ ಹಾಸಿಗೆಯ ಬಟ್ಟೆಯ ಸುಕ್ಕುಗಳು ನೋಡನೋಡುತ್ತಲೇ ಮರಳ ದಿಬ್ಬಗಳಾಗುತ್ತವೆ. ಪುಟಗಟ್ಟಲೆ ಹರಡಿದ ನೆನಪನ್ನು ಸಂಕಲನಕಾರ ವಾಲ್ಟರ್ ಮರ್ಚ್ ಹೀಗೆ ಕ್ಷಣದಲ್ಲಿ ದಾಟಿಸುತ್ತಾರೆ.

ಆದರೆ ಕಾದಂಬರಿಯ ಯುದ್ಧ ಮುಗಿಯುವುದು ಆಗಸ್ಟ್‌ನಲ್ಲಿ, ಸಿನಿಮಾದ್ದು ಮೇ ತಿಂಗಳಲ್ಲೇ. ಕಾದಂಬರಿಯಲ್ಲಿ ಹಿರೋಶಿಮಾದ ಸುದ್ದಿ ರೇಡಿಯೊದಲ್ಲಿ ಕಿಪ್‌ನ ಕಿವಿಗೆ ಬೀಳುತ್ತದೆ. ಬ್ರಿಟಿಷರಿಗಾಗಿ ಪ್ರಾಣ ಪಣಕ್ಕಿಟ್ಟವನು ರೋಗಿಯತ್ತ ಬಂದೂಕು ಹಿಡಿಯುತ್ತಾನೆ. ಬಿಳಿಯರ ದೇಶದ ಮೇಲೆ ಇಂಥ ಬಾಂಬ್ ಬೀಳುತ್ತಿತ್ತೇ ಎಂಬುದೇ ಅವನ ಸಿಟ್ಟು. ಕೊಲಂಬೊದಲ್ಲಿ ಹುಟ್ಟಿದ ಲೇಖಕ ಇಡೀ ಕಥೆಯನ್ನು ತಂದು ನಿಲ್ಲಿಸುವುದು ಇಲ್ಲಿಗೆ. ಸಿನಿಮಾದಲ್ಲಿ ಜರ್ಮನಿಯ ಶರಣಾಗತಿಯ ಸಂಭ್ರಮದ ನಡುವೆ ಕಿಪ್‌ನ ಸಹೋದ್ಯೋಗಿ ಹಾರ್ಡಿ ಸಾಯುತ್ತಾನೆ, ಕಿಪ್ ಆ ದುಃಖ ಹೊತ್ತು ಹೊರಡುತ್ತಾನೆ. ಬಾಂಬಿನ ಫ್ಯೂಸ್ ಕೀಳುವವನ ಫ್ಯೂಸನ್ನೇ ಕಿತ್ತಿಟ್ಟರು.

ಎರಡೂ ಮುಕ್ಕಾಲು ಗಂಟೆಯ ಚಿತ್ರಕ್ಕೆ ಇನ್ನೆಷ್ಟು ತುರುಕಬೇಕಿತ್ತು, ಕೊನೆಯ ಹತ್ತು ನಿಮಿಷದಲ್ಲಿ ಅಣುಬಾಂಬ್ ತಂದರೆ ಅದು ಆಕಾಶದಿಂದ ಬಿದ್ದಂತೆ ಇರುತ್ತಿರಲಿಲ್ಲವೇ ಎಂದು ಕೇಳಬಹುದು. ಒಪ್ಪೋಣ, ಈಗಿರುವ ಚಿತ್ರಕ್ಕೆ ಅದು ಹೊಂದುವುದಿಲ್ಲ. ಆದರೆ ಹೊಂದದಿರುವುದಕ್ಕೆ ಕಾರಣ, ಮೊದಲಿನಿಂದಲೇ ಕಿಪ್‌ನನ್ನು ಹಾನಾಳ ಸೌಮ್ಯ ಪ್ರೇಮಿಯಾಗಿ ಸವೆಸಿದ್ದು. ಬುಡ ಕಡಿದು, ಮರಕ್ಕೆ ಹಣ್ಣಿನ ಭಾರ ತಡೆಯದು ಎಂದಂತಾಯಿತು. ಲೇಖಕರೇ ಚಿತ್ರತಂಡದ ಜೊತೆಗಿದ್ದರಲ್ಲ ಎಂಬ ಮಾತೂ ಇದೆ. ಲೇಖಕರ ಸಮ್ಮತಿ ಅವರ ಸೌಜನ್ಯಕ್ಕೆ ಸಾಕ್ಷಿ, ಆಯ್ಕೆ ಸರಿಯಿತ್ತೆಂಬುದಕ್ಕಲ್ಲ. ಹಾಗಂತ ಚಿತ್ರವನ್ನು ಕಳಪೆ ಎನ್ನಲಾಗದು; ಮಾರ್ಫಿನ್ ಸೀಸೆಗಳನ್ನು ರೋಗಿ ಸದ್ದಿಲ್ಲದೆ ಹಾನಾಳತ್ತ ತಳ್ಳುವ ದೃಶ್ಯವನ್ನು ಮರೆಯುವುದು ಕಷ್ಟ. ದೇಶಗಳ ಗಡಿಯನ್ನೇ ಅಣಕಿಸುವ ಪ್ರೇಮಕಥೆ ಅದು. ಆ ಗಡಿಗಳ ಬೆಲೆ ತೆತ್ತವನ ಮಾತಿಗೆ ಮಾತ್ರ ಅಲ್ಲಿ ಜಾಗ ಸಿಗಲಿಲ್ಲ.

ಚಿತ್ರಕ್ಕೆ ಹನ್ನೆರಡು ಆಸ್ಕರ್ ನಾಮನಿರ್ದೇಶನಗಳು ಬಂದವು, ಒಂಬತ್ತು ಪ್ರಶಸ್ತಿಗಳು ದಕ್ಕಿದವು. ನಟನೆಗೆ ಬಂದ ಮೂರು ನಾಮನಿರ್ದೇಶನಗಳಲ್ಲಿ ಕಿಪ್ ಪಾತ್ರಧಾರಿ ನವೀನ್ ಆಂಡ್ರೂಸ್ ಹೆಸರಿರಲಿಲ್ಲ.