ನಂಬಿಕೆಯ ಬೆನ್ನೇರುವ ವದಂತಿ

ಮೊಬೈಲ್‌ನಲ್ಲಿ ಹರಡುವ ವದಂತಿಗೆ ವೇಗ ಕೊಡುವುದು ತಂತ್ರಜ್ಞಾನ, ಬಲ ಕೊಡುವುದು ಮನುಷ್ಯ ಸಂಬಂಧ. ಪತ್ರಿಕೆಯ ಸುದ್ದಿಗೆ ಸಂಪಾದಕರ ಹೊಣೆ ಇರುತ್ತದೆ. ವಾಟ್ಸ್‌ಆ್ಯಪ್ ಗ್ರೂಪಿಗೆ ಬರುವ ಫಾರ್ವರ್ಡ್‌ನಲ್ಲಿ ಮೂಲ ಯಾವುದೆಂದು ತಿಳಿಯುವುದಿಲ್ಲ. ಕಾಣುವುದು ಅದನ್ನು ಕಳಿಸಿದ ಸೋದರಮಾವನ ಅಥವಾ ಗೆಳತಿಯ ಹೆಸರು. ಆ ವ್ಯಕ್ತಿಯ ಮೇಲಿನ ವಿಶ್ವಾಸವೇ ಸಂದೇಶಕ್ಕೂ ಸಲ್ಲುತ್ತದೆ. ಸುಳ್ಳೆಂದು ಗೊತ್ತಿದ್ದವರೂ ಹಿರಿಯರನ್ನು ಎಲ್ಲರೆದುರು ತಿದ್ದಲು ಹಿಂಜರಿಯುತ್ತಾರೆ. ಉಳಿದವರಿಗೆ ಈ ಮೌನ ಒಪ್ಪಿಗೆಯಂತೆ ತೋರುತ್ತದೆ.

ಪುನರಾವರ್ತನೆಯೂ ನಂಬಿಕೆಯನ್ನು ಗಟ್ಟಿ ಮಾಡುತ್ತದೆ. ಮತ್ತೆ ಮತ್ತೆ ಕೇಳಿದ ಹೇಳಿಕೆಯನ್ನು ಜನ ಹೆಚ್ಚು ನಿಜವೆಂದು ಪರಿಗಣಿಸುತ್ತಾರೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ತೋರಿಸಿದ್ದರು. ಒಂದೇ ಸಂದೇಶ ಮನೆಯವರ, ಸಹಪಾಠಿಗಳ, ಬಡಾವಣೆಯ ಗ್ರೂಪುಗಳಿಂದ ಬಂದಾಗ ಮೂರು ಸಾಕ್ಷಿಗಳು ಸಿಕ್ಕಂತೆ ಭಾಸವಾಗುತ್ತದೆ. ಮೂಲ ಮಾತ್ರ ಒಂದೇ ಆಗಿರಬಹುದು.

ಎಂಐಟಿ ಸಂಶೋಧಕರು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನ ಸುಳ್ಳು ಹರಡುವ ವೇಗವನ್ನು ಅಳೆಯಿತು. 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಸುಮಾರು 30 ಲಕ್ಷ ಜನ ಹಂಚಿಕೊಂಡ ಸುದ್ದಿಗಳನ್ನು ಅದು ಪರಿಶೀಲಿಸಿತ್ತು. ಸುಳ್ಳು ಸುದ್ದಿ ಮರುಹಂಚಿಕೆಯಾಗುವ ಸಾಧ್ಯತೆ ನಿಜ ಸುದ್ದಿಗಿಂತ ಶೇ 70ರಷ್ಟು ಹೆಚ್ಚಿತ್ತು. 1,500 ಜನರನ್ನು ತಲುಪಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಸಮಯ ಹಿಡಿಯಿತು. ಸ್ವಯಂಚಾಲಿತ ಖಾತೆಗಳು ಎರಡನ್ನೂ ಸಮನಾಗಿಯೇ ಹರಡಿದ್ದವು. ವ್ಯತ್ಯಾಸ ಮಾಡಿದವರು ಮನುಷ್ಯರು. ಸುಳ್ಳಿನಲ್ಲಿದ್ದ ಹೊಸತನ, ಅದು ಹುಟ್ಟಿಸಿದ ಅಚ್ಚರಿ ಮತ್ತು ಜುಗುಪ್ಸೆ ಇದಕ್ಕೆ ಕಾರಣವಿರಬಹುದೆಂದು ಸಂಶೋಧಕರು ಭಾವಿಸಿದರು.

ವದಂತಿಯ ಸಾಮಾಜಿಕ ಪರಿಣಾಮವನ್ನು ಕರ್ನಾಟಕ ಕಂಡಿದೆ. 2012ರ ಆಗಸ್ಟ್‌ನಲ್ಲಿ ಅಸ್ಸಾಂ ಗಲಭೆಯ ಬೆನ್ನಿಗೇ ದಾಳಿಯ ವದಂತಿ ಹಬ್ಬಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು. ಕೇಂದ್ರ ಸರ್ಕಾರ ದಿನಕ್ಕೆ ಐದೇ ಎಸ್ಎಂಎಸ್ ಎಂಬ ತಾತ್ಕಾಲಿಕ ಮಿತಿ ಹೇರಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ಮಕ್ಕಳಿಗೆ ಚಾಕೊಲೆಟ್ ಹಂಚಿದ ಪ್ರವಾಸಿಗರನ್ನು ಮಕ್ಕಳ ಕಳ್ಳರೆಂದು ಶಂಕಿಸಲಾಯಿತು. ಅವರ ಕಾರಿಗಿಂತ ಮೊದಲೇ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಗ್ರಾಮ ತಲುಪಿತ್ತು. ಅಲ್ಲಿ ಗುಂಪು ನಡೆಸಿದ ಹಲ್ಲೆಯಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು.

ವಾಟ್ಸ್‌ಆ್ಯಪ್ ಸಂದೇಶಗಳು 2016ರಿಂದ ಪೂರ್ಣ ಗೂಢಲಿಪಿಯಲ್ಲಿ ಸಾಗುವುದರಿಂದ ನಡುವೆ ಅವನ್ನು ಓದಿ ತಡೆಯಲು ಕಂಪನಿಗೂ ಆಗದು. ಹೀಗಾಗಿ ವಿಷಯದ ಬದಲು ವೇಗಕ್ಕೆ ಕಡಿವಾಣ ಹಾಕಲಾಯಿತು. 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಚಾಟ್‌ಗಳಿಗೆ ಮಾತ್ರ ಕಳಿಸುವ ಮಿತಿ ಬಂತು. ಆಗ ಒಂದು ಗ್ರೂಪಿನಲ್ಲಿ 256 ಜನರಿಗೆ ಅವಕಾಶವಿತ್ತು. ಐದು ಗ್ರೂಪೆಂದರೂ ಒಂದೇ ಸಲಕ್ಕೆ 1,280 ಜನ. 2020ರ ಏಪ್ರಿಲ್‌ನಲ್ಲಿ, ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಚಾಟ್‌ಗೆ ಕಳಿಸುವಂತೆ ಮಿತಿಯನ್ನು ಬಿಗಿಗೊಳಿಸಲಾಯಿತು. ಇದರಿಂದ ಅಂಥ ಸಂದೇಶಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ಕಂಪನಿ ಹೇಳಿತು.

ಇಂಥ ಮಿತಿ ವದಂತಿಯನ್ನು ನಿಲ್ಲಿಸುವುದಿಲ್ಲ, ತಡಮಾಡುತ್ತದೆ. ಪೊಲೀಸರ ಸ್ಪಷ್ಟೀಕರಣಕ್ಕೂ ಸತ್ಯಶೋಧಕರ ಪರಿಶೀಲನೆಗೂ ಅಷ್ಟು ಬಿಡುವು ಸಿಗುತ್ತದೆ. ತಿದ್ದುವ ಕೆಲಸವೂ ಸಂಬಂಧದ ದಾರಿಯಲ್ಲೇ ಸಾಗಬಲ್ಲದು. ಕಳಿಸಿದವರಿಗೆ ಪ್ರತ್ಯೇಕವಾಗಿ ಕರೆ ಮಾಡಿ ವಿಷಯ ತಿಳಿಸಿದರೆ ಅವರ ಮುಖಭಂಗ ತಪ್ಪುತ್ತದೆ. ಗ್ರೂಪಿನಲ್ಲಿ ತಿದ್ದುಪಡಿಯನ್ನು ಅವರೇ ಹಾಕಿದರೆ, ವದಂತಿಗೆ ಸಿಕ್ಕಿದ್ದ ವಿಶ್ವಾಸ ಅದಕ್ಕೂ ಸಿಗುತ್ತದೆ.