ಗಾಂಜಾಕ್ಕೆ ಲೈಸೆನ್ಸ್ ಸಿಕ್ಕರೆ ಚಾಕು ಕೆಳಗಿಳಿಯುವುದೇ?

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಜಿಲ್ಲಾ ಪುಟದಲ್ಲಿ ಒಂದು ಸಣ್ಣ ಸುದ್ದಿ ತಪ್ಪದೇ ಬರುತ್ತದೆ: 'ಮೆಕ್ಕೆಜೋಳದ ನಡುವೆ ಗಾಂಜಾ ಗಿಡ, ಒಬ್ಬನ ಬಂಧನ'. ಊರಿನ ಹೆಸರು ಬದಲಾಗುತ್ತದೆ, ಗಿಡಗಳ ತೂಕ ಬದಲಾಗುತ್ತದೆ, ಹಸಿ ಗಿಡಗಳ ಹಿಂದೆ ಸಾಲಾಗಿ ನಿಂತ ಪೊಲೀಸರ ಫೋಟೊ ಮಾತ್ರ ಅದೇ. ಪುಟದ ಇನ್ನೊಂದು ಮೂಲೆಯಲ್ಲಿ ಹುಬ್ಬಳ್ಳಿಯ ಚಾಕು ಇರಿತದ ಸುದ್ದಿ, ಕೊನೆಯ ಸಾಲಿನಲ್ಲಿ 'ನಶೆಯಲ್ಲಿದ್ದರು ಎನ್ನಲಾಗಿದೆ'. 2024ರಲ್ಲಿ ಹುಬ್ಬಳ್ಳಿಯಲ್ಲಿ ಯುವತಿಯರ ಕೊಲೆಗಳು ನಡೆದ ವರ್ಷ, ಪೊಲೀಸರು ಗಾಂಜಾ ಸೇದುವ ಶಂಕೆಯ ಮೇಲೆ ನೂರಾರು ಹುಡುಗರನ್ನು ಕರೆತಂದು ವೈದ್ಯಕೀಯ ಪರೀಕ್ಷೆ ಮಾಡಿಸಿದರು.

ಆಗಿನಿಂದ ನಮ್ಮ ಹಾಸ್ಟೆಲ್ ಹರಟೆಯಲ್ಲಿ ಒಂದು ವಾದ ಸತ್ತೇ ಇಲ್ಲ. ಗಾಂಜಾವನ್ನು ಕಾನೂನುಬದ್ಧ ಮಾಡಿಬಿಟ್ಟರೆ ಈ ಹೊಡೆದಾಟ, ಕೊಲೆ ಎಲ್ಲ ಕಡಿಮೆಯಾಗುತ್ತವೆ ಎನ್ನುವವರು ಒಂದು ಕಡೆ. ಊರೇ ಹಾಳಾಗುತ್ತದೆ ಎನ್ನುವವರು ಇನ್ನೊಂದು ಕಡೆ.

ಮೊದಲನೆಯವರ ವಾದದಲ್ಲಿ ಹುರುಳಿದೆ. ಅಣ್ಣಿಗೇರಿಯ ರೈತನಿಗೆ ಹತ್ತಿ ಕೊಂಡ ವ್ಯಾಪಾರಿ ದುಡ್ಡು ಕೊಡದಿದ್ದರೆ ಎಪಿಎಂಸಿಗೆ ಹೋಗಬಹುದು, ಚೆಕ್ ಬೌನ್ಸ್ ಕೇಸು ಹಾಕಬಹುದು. ಗಾಂಜಾ ಮಾರಿದವನಿಗೆ ದುಡ್ಡು ಬರದಿದ್ದರೆ ಯಾವ ಕೋರ್ಟಿಗೆ ಹೋಗಬೇಕು? ಅವನಿಗಿರುವ ಕೋರ್ಟು ಚಾಕು. ಇದು ನಮ್ಮ ಭಾಗಕ್ಕೆ ಹೊಸ ಪಾಠವೂ ಅಲ್ಲ. 1956ರವರೆಗೆ ಧಾರವಾಡ ಜಿಲ್ಲೆ ಮುಂಬೈ ರಾಜ್ಯದಲ್ಲಿತ್ತು; 1949ರ ಮುಂಬೈ ಪಾನನಿಷೇಧ ಕಾಯ್ದೆ ನಮಗೂ ಅನ್ವಯವಾಗುತ್ತಿತ್ತು. ಆ ನಿಷೇಧದ ಕಾಲದಲ್ಲಿ ಮುಂಬೈನಲ್ಲಿ ಕಳ್ಳಭಟ್ಟಿಯಿಂದಲೇ ದೊಡ್ಡ ದೊಡ್ಡ ಭೂಗತ ಜಾಲಗಳು ಬೆಳೆದವು.

ಅಮೆರಿಕದಿಂದಲೂ ಒಂದು ಸಾಕ್ಷಿ ಇದೆ. ಅಲ್ಲಿನ ಹಲವು ರಾಜ್ಯಗಳು ಔಷಧಕ್ಕಾಗಿ ಗಾಂಜಾ ಬಳಕೆಗೆ ಅನುಮತಿ ಕೊಟ್ಟವು. 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಅಧ್ಯಯನವೊಂದು, ಮೆಕ್ಸಿಕೊ ಗಡಿಗೆ ಹೊಂದಿಕೊಂಡ ರಾಜ್ಯಗಳಲ್ಲಿ ಇದರಿಂದ ಹಿಂಸಾತ್ಮಕ ಅಪರಾಧ ಸರಾಸರಿ ಶೇ 13ರಷ್ಟು ಇಳಿಯಿತು ಎಂದು ಲೆಕ್ಕ ಹಾಕಿತು. ಗಡಿ ದಾಟಿಸುವವನ ಲಾಭ ಕುಸಿದರೆ ಅದಕ್ಕಾಗಿ ಗುಂಡು ಹಾರಿಸುವವರೂ ಕಡಿಮೆಯಾಗುತ್ತಾರೆ.

ಆದರೆ ಗಡಿಯ ಆಚೆ ನೋಡಿ. ಗಾಂಜಾ ವ್ಯಾಪಾರ ಕುಸಿದರೂ ಮೆಕ್ಸಿಕೊದ ಗ್ಯಾಂಗ್‌ಗಳು ಅಂಗಡಿ ಮುಚ್ಚಿ ಮನೆಗೆ ಹೋಗಲಿಲ್ಲ. ಹೆರಾಯಿನ್, ಮೆಥ್, ಫೆಂಟನಿಲ್ ಕಡೆಗೆ ತಿರುಗಿದವು. 2018ರಲ್ಲಿ ಆ ದೇಶದಲ್ಲಿ 30 ಸಾವಿರಕ್ಕೂ ಹೆಚ್ಚು ಕೊಲೆಗಳಾದವು. ಉರುಗ್ವೆ 2017ರಲ್ಲಿ ಔಷಧದಂಗಡಿಗಳಲ್ಲೇ ಗಾಂಜಾ ಮಾರಾಟ ಶುರು ಮಾಡಿತು, ಮರುವರ್ಷವೇ ಅಲ್ಲಿ ಕೊಲೆಗಳ ಸಂಖ್ಯೆ ಜಿಗಿಯಿತು. ಗಾಂಜಾ ಮಾರಿದ್ದಕ್ಕೇ ಹೀಗಾಯಿತು ಎಂದು ನಾನು ಹೇಳುತ್ತಿಲ್ಲ. ಬೇರೆ ಮಾದಕ ವಸ್ತುಗಳ ಗ್ಯಾಂಗ್‌ಗಳು ಅಲ್ಲಿ ಹಾಗೆಯೇ ಇದ್ದವು, ಅಷ್ಟೆ.

ಈಗ ನವಲಗುಂದ, ಕುಂದಗೋಳ, ಕಲಘಟಗಿಗೆ ಬನ್ನಿ. ಇಲ್ಲಿ ಮೆಕ್ಸಿಕೊದಂಥ ಗ್ಯಾಂಗ್ ಎಲ್ಲಿದೆ? ಹಳ್ಳಿಯ ನಶೆಯ ಹಿಂಸೆ ಹೆಚ್ಚಾಗಿ ನಡೆಯುವುದು ವ್ಯಾಪಾರದ ಜಗಳದಲ್ಲಿ ಅಲ್ಲ, ಮನೆಯೊಳಗೆ. ಅದಕ್ಕೆ ಕಾರಣವಾದ ವಸ್ತು ಈಗಾಗಲೇ ಕಾನೂನುಬದ್ಧ. ಗಾಂಜಾ ಬಗ್ಗೆ ಕೇಳಿದಾಗ ನಮ್ಮೂರ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ನಕ್ಕರು: "ಗಾಂಜಾ ಸೇದಿದಾಂವ ಎಲ್ಲಿ ಜಗಳಾ ಮಾಡ್ತಾನೋ ತಮ್ಮಾ? ಅಂವಾ ಸುಮ್ನ ಕುಂತಿರ್ತಾನ. ಮನ್ಯಾಗ ಹೆಂಡ್ತಿ ಹೊಡ್ಯಾಂವ ಕುಡದಾಂವ."

ಅಜ್ಜನ ಮಾತು ಪೂರ್ತಿ ಸರಿಯಲ್ಲ. ಎಳೆಯ ವಯಸ್ಸಿನಲ್ಲಿ ಗಾಂಜಾ ಹಿಡಿದವರಲ್ಲಿ ಕೆಲವರಿಗೆ ಭ್ರಮೆ, ಸಂಶಯದಂಥ ಗಂಭೀರ ಮಾನಸಿಕ ಕಾಯಿಲೆ ಬರುವ ಅಪಾಯ ಹೆಚ್ಚು ಎಂದು ವೈದ್ಯರು ಹೇಳುತ್ತಾರೆ. ಜೊತೆಗೆ ಈಗಿನ ಹುಡುಗರು ಬರೀ ಗಾಂಜಾಕ್ಕೆ ನಿಲ್ಲುವುದಿಲ್ಲ, ಮೇಲೊಂದು ಕ್ವಾರ್ಟರ್ ಇರುತ್ತದೆ, ಕೆಲವರ ಜೇಬಿನಲ್ಲಿ ಮಾತ್ರೆಯೂ ಇರುತ್ತದೆ. ಆದರೆ ಅಜ್ಜ ಹೇಳಿದ ಅರ್ಧ ಸತ್ಯವನ್ನು ಹಾಸ್ಟೆಲ್ ವಾದದಲ್ಲಿ ಯಾರೂ ಎತ್ತುವುದಿಲ್ಲ.

ಸಾರಾಯಿಯ ಕಥೆಯನ್ನೇ ನೋಡಿ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಆಗ ನಾನು ತೊಟ್ಟಿಲ ಕೂಸೋ ಏನೋ, ಆದರೆ ಪ್ಯಾಕೆಟ್ ಸಾರಾಯಿಯ ದಿನಗಳನ್ನು ನಮ್ಮ ಅವ್ವನ ವಯಸ್ಸಿನವರು ಇಂದಿಗೂ ಬೈದುಕೊಳ್ಳುತ್ತಾರೆ. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿ ಭಾಗದಲ್ಲಿ ಕಳ್ಳಭಟ್ಟಿ ಕುಡಿದು ನೂರೈವತ್ತಕ್ಕೂ ಹೆಚ್ಚು ಜನ ಸತ್ತರು. ನಿಷೇಧದ ಬೆಲೆ ಅದು. ಮಾರಾಟಕ್ಕೆ ಅನುಮತಿ ಇರುವುದರ ಬೆಲೆಯನ್ನು ಮಾತ್ರ ನಾವು ದಿನವೂ ನೋಡುತ್ತೇವೆ: ಸಾರಾಯಿ ಹೋದ ಜಾಗಕ್ಕೆ ಅಗ್ಗದ ವಿಸ್ಕಿ ಬಂತು, ಸರ್ಕಾರದ್ದೇ ಎಂಎಸ್‌ಐಎಲ್ ಮಳಿಗೆ ಬಂತು, ಅಲ್ಲಿಂದ ಬಾಕ್ಸ್ ತಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ, ಪಾನ್‌ಬೀಡಾ ಡಬ್ಬಿಯಲ್ಲಿ ಕದ್ದು ಮಾರುವವರು ಬಂದರು. ಮದ್ಯಕ್ಕಾಗಿ ಇಲ್ಲಿ ಗ್ಯಾಂಗ್‌ವಾರ್ ಇಲ್ಲ, ನಿಜ. ಸಂಜೆಯಾದರೆ ಪಕ್ಕದ ಮನೆಯ ಅಳು ಕೇಳುತ್ತದೆ, ಅದೂ ನಿಜ. ಲೈಸೆನ್ಸ್ ಮೊದಲನೆಯದನ್ನು ತಪ್ಪಿಸಿತು, ಎರಡನೆಯದನ್ನು ಮುಟ್ಟಲಿಲ್ಲ.

ಹಾಗಾಗಿ ಗಾಂಜಾಕ್ಕೆ ಲೈಸೆನ್ಸ್ ಕೊಟ್ಟರೆ ನಮ್ಮ ತಾಲ್ಲೂಕುಗಳಲ್ಲಿ ಹಿಂಸೆ ಇಳಿಯುತ್ತದೆ ಎಂದು ನನಗನ್ನಿಸುವುದಿಲ್ಲ. ಇಳಿಯಬೇಕಾದ ಹಿಂಸೆಯ ಬೇರು ಬೇರೆಡೆ ಇದೆ. ಥಾಯ್ಲೆಂಡ್ 2022ರಲ್ಲಿ ಗಾಂಜಾವನ್ನು ಮುಕ್ತ ಮಾಡಿ, ಅಂಗಡಿಗಳು ನಾಯಿಕೊಡೆಯಂತೆ ಎದ್ದ ಮೇಲೆ, 2025ರಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿತು. ಬಾಗಿಲು ತೆರೆಯುವುದು ಸುಲಭ, ಮುಚ್ಚುವುದು ಕಷ್ಟ.

ಆದರೆ ಈಗಿರುವ ಕಾನೂನು ಸರಿ ಇದೆ ಎಂದೂ ನಾನು ಒಪ್ಪುವುದಿಲ್ಲ. 1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆ, ಬೀಜ ಇದರಲ್ಲಿ ಬರುವುದಿಲ್ಲ. ಭಂಗಿ ಈ ಕಾಯ್ದೆಯ ವ್ಯಾಪ್ತಿಯಲ್ಲಿಲ್ಲ ಎಂದು ನಮ್ಮ ಹೈಕೋರ್ಟ್ 2022ರ ಜಾಮೀನು ಆದೇಶವೊಂದರಲ್ಲಿ ಹೇಳಿದೆ. ಒಂದು ಕೆ.ಜಿ.ವರೆಗೆ ಇಟ್ಟುಕೊಂಡವನಿಗೆ ಗರಿಷ್ಠ ಒಂದು ವರ್ಷ ಶಿಕ್ಷೆ. ಗಿಡ ಬೆಳೆದವನಿಗೆ? ನಾಲ್ಕು ಗಿಡವಾಗಲಿ, ನಾಲ್ಕು ಎಕರೆಯಾಗಲಿ, ಹತ್ತು ವರ್ಷದವರೆಗೆ ಕಠಿಣ ಶಿಕ್ಷೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾ ಪ್ರಸಾದವಾಗಿ ಸಲ್ಲುವ ನಾಡಿನಲ್ಲೇ, ಮೆಕ್ಕೆಜೋಳದ ಸಾಲಿನಲ್ಲಿ ನಾಲ್ಕು ಗಿಡ ಇಟ್ಟ ರೈತ ಒಂದು ಕೆ.ಜಿ.ವರೆಗೆ ಇಟ್ಟುಕೊಂಡವನಿಗಿಂತ ಹತ್ತು ಪಟ್ಟು ಶಿಕ್ಷೆ ಎದುರಿಸಬಹುದು.

ಇನ್ನು ನಮ್ಮ ವಯಸ್ಸಿನವರ ಮಾತು. ನಮ್ಮ ತಾಲ್ಲೂಕಿನ ಹುಡುಗನೊಬ್ಬ ಐಟಿಐ ಮುಗಿಸಿದ್ದ. ಗೆಳೆಯನ ಬೈಕಿನಲ್ಲಿ ಸಿಕ್ಕ ಸಣ್ಣ ಪೊಟ್ಟಣಕ್ಕೆ ಇಬ್ಬರ ಹೆಸರೂ ಎಫ್‌ಐಆರ್‌ಗೆ ಸೇರಿತು. ಈಗ ಯಾವ ಸರ್ಕಾರಿ ನೌಕರಿಯ ಪರಿಶೀಲನಾ ಫಾರ್ಮ್ ಬಂದರೂ 'ನಿಮ್ಮ ಮೇಲೆ ಕ್ರಿಮಿನಲ್ ಪ್ರಕರಣ ಇದೆಯೇ' ಎಂಬ ಕಾಲಂ ಹತ್ತಿರ ಅವನ ಪೆನ್ನು ನಿಲ್ಲುತ್ತದೆ. ತಾರೀಖಿಗೆ ಹೋಗಲು ಅಪ್ಪನ ಕಡೆ ಬಸ್ ಚಾರ್ಜ್ ಕೇಳಲೂ ಅವನಿಗೆ ಮುಖವಿಲ್ಲ. ಅವನು ಯಾರಿಗೂ ಹೊಡೆದಿಲ್ಲ, ಏನನ್ನೂ ಮಾರಿಲ್ಲ.

ಇಂಥವರಿಗಾಗಿಯೇ ಅದೇ ಕಾಯ್ದೆಯಲ್ಲಿ 64ಎ ಎಂಬ ಕಲಂ ಇದೆ. ವ್ಯಸನಿಯೊಬ್ಬ ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕು, ತಾನಾಗಿಯೇ ಚಿಕಿತ್ಸೆಗೆ ಒಪ್ಪಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಅದನ್ನು ಪೂರೈಸಿದರೆ ಅವನ ಮೇಲೆ ವಿಚಾರಣೆ ನಡೆಸುವಂತಿಲ್ಲ. ಧಾರವಾಡದಲ್ಲೇ ಡಿಮ್ಹಾನ್ಸ್ ಇದೆ, ಕಲಘಟಗಿಯಿಂದ ಒಂದು ಬಸ್ಸಿನ ದಾರಿ. ಕಾಲೇಜುಗಳಲ್ಲಿ ಮಾದಕ ವಸ್ತು ವಿರೋಧಿ ದಿನ ಮಾಡಿ ನಮ್ಮಿಂದ ಪ್ರತಿಜ್ಞೆ ಹೇಳಿಸುತ್ತಾರೆ, ರ್‍ಯಾಲಿ ಮಾಡಿಸುತ್ತಾರೆ. ನನ್ನ ಮೂರು ವರ್ಷದ ಇಂಜಿನಿಯರಿಂಗ್‌ನಲ್ಲಿ ಈ ಕಲಮಿನ ಹೆಸರನ್ನು ಯಾವ ವೇದಿಕೆಯಿಂದಲೂ ಕೇಳಿಲ್ಲ. ಮುಂದಿನ ಜೂನ್ 26ರಂದು ರ್‍ಯಾಲಿಯ ಬ್ಯಾನರ್ ಬರೆಸುವವರು ಅದರ ಒಂದು ಮೂಲೆಯಲ್ಲಿ ಡಿಮ್ಹಾನ್ಸ್ ಹೊರರೋಗಿ ವಿಭಾಗದ ಸಮಯವನ್ನೂ ಬರೆಸಲಿ.