ಚಂದ್ರನ ನೆಲದ ಮೇಲಣ ಕಿರಣವೃಷ್ಟಿ

1972ನೆಯ ಇಸವಿಯ ಏಪ್ರಿಲಿನಲ್ಲಿ ಅಪೊಲೊ 16ರ ಯಾತ್ರಿಕರು ಚಂದ್ರನಿಂದ ಮರಳಿದ ಮೇಲೆ, ಡಿಸೆಂಬರಿನಲ್ಲಿ ಅಪೊಲೊ 17 ಹೊರಡುವುದಕ್ಕೆ ಮೊದಲು, ಆಗಸ್ಟ್ ಮಾಸದ ಆದಿಭಾಗದಲ್ಲಿ ಸೂರ್ಯನು ಕ್ಷೋಭೆಗೊಂಡು, ಅತಿವೇಗದ ಪ್ರೋಟಾನುಗಳನ್ನು ಅಂತರಿಕ್ಷಕ್ಕೆ ಚೆಲ್ಲಿದನು. ಆಗ ಚಂದ್ರನ ಮೇಲೆ ಯಾರಾದರೂ ಬರಿಯ ಅಂತರಿಕ್ಷದ ಉಡುಪಿನಲ್ಲಿ ಸಂಚರಿಸುತ್ತಿದ್ದ ಪಕ್ಷದಲ್ಲಿ ವಾಂತಿ, ನಿಶ್ಶಕ್ತಿ, ರಕ್ತಕಣಗಳ ಕ್ಷಯ ಮೊದಲಾದ ತೀವ್ರ ವಿಕಿರಣರೋಗದ ಲಕ್ಷಣಗಳಿಗೆ ಅವರು ಗುರಿಯಾಗುವ ಸಂಭವವಿದ್ದಿತು.

ಭೂಮಿಯಲ್ಲಿ ನಮಗೆ ಕಾಂತಕ್ಷೇತ್ರವೊಂದು, ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋಗ್ರಾಂ ತೂಗುವ ವಾಯುಮಂಡಲವೊಂದು, ಹೀಗೆ ಎರಡು ಕವಚಗಳುಂಟು. ಚಂದ್ರನಿಗಾದರೋ ಇವೆರಡೂ ಇಲ್ಲವೆಂದೇ ಹೇಳಬೇಕು. ಆದುದರಿಂದ ಸೌರಕಣಗಳೂ, 1912ರಲ್ಲಿ ವಿಕ್ಟರ್ ಹೆಸ್ ಬಲೂನಿನಲ್ಲಿ ಮೇಲೇರಿ ಕಂಡುಕೊಂಡ ವಿಶ್ವಕಿರಣಗಳೂ ಅಲ್ಲಿ ಅಡೆತಡೆಯಿಲ್ಲದೆ ನೆಲಕ್ಕೆ ಬಂದೆರಗುತ್ತವೆ. ಸೂರ್ಯನು ಪ್ರಕ್ಷುಬ್ಧನಾಗಿರುವ ವರ್ಷಗಳಲ್ಲಿ ಅವನ ಕಾಂತಪ್ರಭಾವವು ವಿಶ್ವಕಿರಣಗಳನ್ನು ಕೆಲಮಟ್ಟಿಗೆ ಹಿಮ್ಮೆಟ್ಟಿಸುವುದಾದರೂ ಸ್ಫೋಟಗಳ ಭಯ ಅಧಿಕ. ಅವನು ಶಾಂತನಾದಾಗ ಆ ಭಯ ತಗ್ಗಿ, ವಿಶ್ವಕಿರಣಗಳು ಹೆಚ್ಚುತ್ತವೆ. ನಿರ್ಭಯವಾದ ಋತುವೆಂಬುದು ಅಲ್ಲಿ ಇಲ್ಲ.

2019ರ ಜನವರಿಯಲ್ಲಿ ಚೀನಾದ ಚಾಂಗ್‌-ಎ 4 ನೌಕೆ ಚಂದ್ರನ ಆಚೆಯ ಮೋರೆಯಲ್ಲಿಳಿದು ಅಳೆದಂತೆ, ಅಲ್ಲಿನ ವಿಕಿರಣಪ್ರಮಾಣವು ದಿನವೊಂದಕ್ಕೆ ಸುಮಾರು 1,369 ಮೈಕ್ರೋಸೀವರ್ಟ್. ಅದೇ ಕಾಲದಲ್ಲಿ ಅಂತಾರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಲ್ಲಿ ವಿಶ್ವಕಿರಣಗಳಿಂದ ಉಂಟಾದುದರ ಎರಡೂವರೆ ಪಟ್ಟಿಗೂ ಮಿಗಿಲು. ಮೂರು ದಿನ ತಂಗಿ ಹಿಂದಿರುಗುವವನಿಗೆ ಇದು ಅಲ್ಪವೇ ಸರಿ. ತಿಂಗಳುಗಟ್ಟಲೆ ನೆಲಸುವವನಿಗೆ ಮಾತ್ರ, ಜೀವಕೋಶಗಳ ವಂಶವಾಹಿಗಳು ಭಗ್ನವಾಗಿ ಮುಂದೆಂದೋ ಅರ್ಬುದರೋಗ ತಲೆದೋರುವ ಶಂಕೆ ದಿನದಿನಕ್ಕೂ ಬೆಳೆಯುತ್ತ ಹೋಗುತ್ತದೆ.

ವಿಸ್ಮಯವೇನೆಂದರೆ, ಚಂದ್ರನ ಮಣ್ಣು ಈ ವಿಪತ್ತಿನಲ್ಲಿ ಪಾಲುಗಾರನೂ ಹೌದು, ಪರಿಹಾರವೂ ಹೌದು. ವಿಶ್ವಕಿರಣಗಳು ಬಡಿದಾಗ ಅದರ ಪರಮಾಣುಗಳಿಂದ ನ್ಯೂಟ್ರಾನುಗಳು ಸಿಡಿದು, ಯಾತ್ರಿಕನನ್ನು ಕಾಲಡಿಯಿಂದಲೂ ಬಾಧಿಸುತ್ತವೆ. ಸೀಸದಂಥ ಭಾರಲೋಹದ ಗೋಡೆ ಕಟ್ಟಿದರೆ ಅದೂ ಇಂಥ ಉಪಕಣಗಳನ್ನು ಹೊಮ್ಮಿಸುವುದರಿಂದ, ಜಲಜನಕ ಹೇರಳವಾಗಿರುವ ನೀರು ಅಥವಾ ಪಾಲಿಥೀನೇ ತೂಕಕ್ಕೆ ತಕ್ಕ ರಕ್ಷಣೆ. ಆದರೆ ಅದನ್ನು ಭೂಮಿಯಿಂದ ರಾಶಿರಾಶಿಯಾಗಿ ಹೊತ್ತೊಯ್ಯುವುದು ದುಸ್ಸಾಧ್ಯ. ಆ ಮಣ್ಣನ್ನೇ ಎರಡು ಮೂರು ಮೀಟರು ದಪ್ಪಕ್ಕೆ ಮನೆಯ ಮೇಲೆ ಹೇರಿದರೆ ಕಿರಣಗಳೂ ಅವುಗಳ ಸಂತತಿಯೂ ಬಹುಮಟ್ಟಿಗೆ ಅದರಲ್ಲಿಯೇ ಅಡಗುತ್ತವೆ. ನಮ್ಮ ಚಂದ್ರಯಾನ-1ರ ಚಿತ್ರಗಳಲ್ಲಿ ಗುರುತಿಸಲಾದಂಥ, ಪ್ರಾಚೀನ ಲಾವಾ ಹರಿದುಳಿದ ಸುರಂಗಗಳು ಸಿದ್ಧವಾದ ಆಶ್ರಯಗಳಾಗಬಲ್ಲವು.

ಸೌರಸ್ಫೋಟದ ಬೆಳಕು ಕಂಡ ಮೇಲೆ ಕೆಲವೊಮ್ಮೆ ಅರ್ಧ ಗಂಟೆಯೊಳಗಾಗಿಯೇ ಪ್ರೋಟಾನುಗಳು ಬಂದು ಮುಟ್ಟುವುದರಿಂದ, ಚಂದ್ರನಲ್ಲಿ ನಡೆದಾಡುವವನು ಬೆನ್ನಿನ ಆಮ್ಲಜನಕ ಎಷ್ಟು ಹೊತ್ತಿಗೆ ಸಾಕೆಂಬುದನ್ನು ಮಾತ್ರವಲ್ಲದೆ, ಮಣ್ಣು ಹೊದ್ದ ಮನೆಗೆ ಎಷ್ಟು ಬೇಗ ಮರಳಬಲ್ಲೆನೆಂಬುದನ್ನೂ ಗಣಿಸಿಯೇ ದೂರ ಹೋಗತಕ್ಕದ್ದು.